ಅಡುಗೆ ಹಗುರಾದಷ್ಟೂ ಬಿಯರ್ ಮೇಲೆ ನಿಗಾ ಜಾಸ್ತಿ ಬೇಕು

ಸಿಂಗಾಪುರದ ಒಂದು ಜರ್ಮನ್ ರೆಸ್ಟೋರೆಂಟ್‌ನಲ್ಲಿ ನಾನು ಬಿಯರ್ ಕೌಂಟರ್ ನೋಡಿಕೊಳ್ಳುತ್ತೇನೆ. ಜರ್ಮನ್ ಊಟ ಅಂದ್ರೆ ಹಂದಿಮಾಂಸ, ಸಾಸೇಜ್, ಆಲೂಗಡ್ಡೆ ಅಷ್ಟೇ ಅಂತ ತುಂಬಾ ಜನ ಅಂದುಕೊಂಡು ಬರುತ್ತಾರೆ. ಚರ್ಮ ಗರಿಗರಿಯಾಗುವಂತೆ ಓವನ್‌ನಲ್ಲಿ ಬೇಯಿಸಿದ ಹಂದಿ ಕಾಲು, ಷ್ವೈನ್ಸ್‌ಹಾಕ್ಸ, ನಮ್ಮಲ್ಲೂ ಇದೆ. ಆದರೆ ಈಗ ಹೊಗೆ ಹಿಡಿಸಿದ ಟ್ರೌಟ್ ಮೀನು, ಸಬ್ಬಸಿಗೆ ಹಾಕಿದ ಸೌತೆಕಾಯಿ, ತೆಳ್ಳಗೆ ಹೆಚ್ಚಿದ ನವಿಲುಕೋಸು ಕೂಡ ಮೆನುವಿನಲ್ಲಿ ಇವೆ. ಹೌದು, ನಾವು ಹುಳಿಗೆ ಹಾಕುವ ಅದೇ ನವಿಲುಕೋಸು. ಜರ್ಮನ್ನರಿಗೂ ಅದು ದಿನನಿತ್ಯದ ತರಕಾರಿ. ಜರ್ಮನಿಯಲ್ಲೇ ಅಡುಗೆ ತುಂಬಾ ಬದಲಾಗಿದೆ. ಬರ್ಲಿನ್‌ನಲ್ಲಿ 2015ರಲ್ಲಿ ಶುರುವಾದ ನೋಬೆಲ್‌ಹಾರ್ಟ್ ಉಂಟ್ ಷ್ಮುಟ್ಸಿಗ್ ಅನ್ನೋ ರೆಸ್ಟೋರೆಂಟ್‌ನಲ್ಲಿ ಕಾಳುಮೆಣಸು, ನಿಂಬೆಹಣ್ಣು ಬಳಸುವುದೇ ಇಲ್ಲ. ಅಲ್ಲಿ ಸುತ್ತಮುತ್ತ ಬೆಳೆಯುವುದಿಲ್ಲ, ಅದಕ್ಕೆ.

ಬಿಯರ್ ಮಾತ್ರ ಹಳೇ ದಾರಿಯಲ್ಲೇ ಇದೆ. 1516ರಲ್ಲಿ ಬವೇರಿಯಾದಲ್ಲಿ ಬಂದ ನಿಯಮದ ಪ್ರಕಾರ ಬಿಯರ್‌ಗೆ ಬಾರ್ಲಿ, ಹಾಪ್ಸ್ (ಕಹಿ ಕೊಡುವ ಹೂವು), ನೀರು ಬಿಟ್ಟು ಬೇರೇನೂ ಹಾಕುವಂತಿರಲಿಲ್ಲ. ಆ ಹೆಮ್ಮೆ ಇವತ್ತಿಗೂ ಇದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಜಿಡ್ಡಿನ ಊಟದ ಜೊತೆ ಬಿಯರ್‌ನ ಸಣ್ಣಪುಟ್ಟ ಐಬು ಮುಚ್ಚಿಹೋಗುತ್ತದೆ. ಹಸಿ ನವಿಲುಕೋಸಿನ ಜೊತೆ ಮುಚ್ಚುವುದಿಲ್ಲ. ಕೆಗ್‌ನಿಂದ, ಅಂದರೆ ಬಿಯರ್ ಪೀಪಾಯಿಯಿಂದ, ಟ್ಯಾಪ್‌ಗೆ ಬರುವ ಪೈಪ್ ಸರಿಯಾಗಿ ತೊಳೆಯದಿದ್ದರೆ ಬಿಯರ್‌ಗೆ ಬೆಣ್ಣೆಯಂಥ ವಾಸನೆ, ಆಮೇಲೆ ಹುಳಿ ಬರುತ್ತದೆ. ಹಗುರಾದ ತಿಂಡಿ ತಿನ್ನುತ್ತಿರುವವರಿಗೆ ಮೊದಲ ಗುಟುಕಿನಲ್ಲೇ ಅದು ಗೊತ್ತಾಗುತ್ತದೆ.

ಗ್ಲಾಸ್ ಕೂಡ ಅಷ್ಟೇ ಮುಖ್ಯ. ಬಾಟಲಿಯ ವೈಸ್‌ಬಿಯರ್, ಅಂದರೆ ಗೋಧಿ ಬಿಯರ್, ಬಗ್ಗಿಸುವ ಮುಂಚೆ ಎತ್ತರದ ಗ್ಲಾಸನ್ನು ತಣ್ಣೀರಿನಲ್ಲಿ ಅಲುಬುತ್ತೇನೆ. ಗ್ಲಾಸ್ ಚೆನ್ನಾಗಿ ಓರೆ ಮಾಡಿ ನಿಧಾನಕ್ಕೆ ಬಗ್ಗಿಸಬೇಕು. ಬಾಟಲಿಯ ತಳದಲ್ಲಿ ಸ್ವಲ್ಪ ಉಳಿದಾಗ ನಿಲ್ಲಿಸಿ, ಬಾಟಲಿಯನ್ನು ಗುಂಡಗೆ ತಿರುಗಿಸಿ, ಕೆಳಗೆ ಕೂತ ಈಸ್ಟ್ ಎದ್ದ ಮೇಲೆ ಉಳಿದದ್ದನ್ನೂ ಹಾಕಬೇಕು. ಆಗಲೇ ಆ ಮಬ್ಬು ಬಣ್ಣ, ಲವಂಗ ಮತ್ತು ಬಾಳೆಹಣ್ಣಿನ ಘಮ. ಗ್ಲಾಸಿನ ಒಳಗೋಡೆಗೆ ಗುಳ್ಳೆ ಅಂಟಿ ಕೂತರೆ ಅಲ್ಲಿ ಜಿಡ್ಡೋ ಸೋಪೋ ಉಳಿದಿದೆ ಅಂತ ಅರ್ಥ. ಆ ಗ್ಲಾಸ್ ವಾಪಸ್ ತೊಳೆಯೋಕೆ ಹೋಗುತ್ತದೆ, ಎಷ್ಟೇ ರಶ್ ಇರಲಿ.

ನೊರೆಯ ಬಗ್ಗೆ ಜಗಳ ಬರುತ್ತಲೇ ಇರುತ್ತದೆ. ನಾನು ಕನ್ನಡದವನು ಅಂತ ಗೊತ್ತಾದ ಬೆಂಗಳೂರಿನ ಹಿರಿಯರೊಬ್ಬರು, "ಏನಪ್ಪಾ, ಬರೀ ನೊರೆನೇ ಕೊಟ್ಟಿದ್ದೀಯಲ್ಲ?" ಅಂದರು. "ಸರ್, ಗ್ಲಾಸಿನ ಮೇಲಿರೋ ಈ ಗೆರೆ ನೋಡಿ. ಅರ್ಧ ಲೀಟರ್ ಬಿಯರ್ ಇಲ್ಲಿಗೆ ಬಂತು. ನೊರೆ ಅದರ ಮೇಲಿಂದು" ಅಂದೆ. ಜರ್ಮನ್ ಗ್ಲಾಸುಗಳಲ್ಲಿ ಆ ಅಳತೆಯ ಗೆರೆ ಇದ್ದೇ ಇರುತ್ತದೆ. ವಾದ ಮಾಡುವ ಬದಲು ಗೆರೆ ತೋರಿಸಿದರೆ ಸಾಕು. ಅವರು ನಕ್ಕು ಇನ್ನೊಂದು ಗ್ಲಾಸ್ ಕೊಡು ಅಂದರು.

ಇನ್ನೊಂದು ಕಷ್ಟ ಇಲ್ಲಿನ ಸೆಕೆ. ಎಲ್ಲರಿಗೂ ಐಸ್ ಥರ ತಣ್ಣಗೆ ಬೇಕು. ಆದರೆ ಅಷ್ಟು ತಣ್ಣಗಾದರೆ ವೈಸ್‌ಬಿಯರ್‌ನ ಘಮವೇ ಏಳುವುದಿಲ್ಲ. ಅದಕ್ಕೆ 7 ಡಿಗ್ರಿ ಆಸುಪಾಸು ಸರಿ. ಹಾಗಾಗಿ ಇನ್ನೂ ತಣ್ಣಗೆ ಮಾಡುವ ಬದಲು, ಟ್ಯಾಪ್ ಬಿಯರ್ ಆದರೆ 0.3 ಲೀಟರ್ ಗ್ಲಾಸ್ ತಗೊಳ್ಳಿ ಅನ್ನುತ್ತೇನೆ. ಬಿಸಿಯಾಗುವ ಮುಂಚೆ ಖಾಲಿಯಾಗುತ್ತದೆ, ಅಲ್ವಾ?

ಈಗ ನಮ್ಮಲ್ಲಿ ಹೊಸ ಡಿಶ್ ಮೆನುಗೆ ಹೋಗುವ ಮುಂಚೆ ಒಂದು ಸಣ್ಣ ಪ್ಲೇಟ್ ಕೌಂಟರ್‌ಗೆ ಬರುತ್ತದೆ. ನವಿಲುಕೋಸಿಗೆ ಕಹಿ ಜಾಸ್ತಿ ಇರುವ ಪಿಲ್ಸ್ ಬಿಯರ್, ಟ್ರೌಟ್‌ಗೆ ಮೆದು ರುಚಿಯ ಹೆಲ್ಲೆಸ್ ಅಂತ ಅಡುಗೆಯವರ ಜೊತೆ ಕೂತು ತೀರ್ಮಾನ ಮಾಡಿದ್ದು ಹಾಗೆಯೇ. ಕಪ್ಪಗಿನ, ಗಟ್ಟಿ ಡಾಪೆಲ್‌ಬಾಕ್ ಬಿಯರ್ ಆ ಮೀನನ್ನು ಪೂರ್ತಿ ನುಂಗಿಹಾಕುತ್ತದೆ. ಅದು ಹಂದಿ ಕಾಲಿಗೇ ಇರಲಿ. ನಿಮ್ಮ ರೆಸ್ಟೋರೆಂಟ್‌ನಲ್ಲಿ ಕೌಂಟರ್‌ಗೆ ಪ್ಲೇಟ್ ಕಳಿಸುವ ಅಭ್ಯಾಸ ಇಲ್ಲದಿದ್ದರೆ, ನಾಳೆಯೇ ಶೆಫ್ ಹತ್ತಿರ ಹೋಗಿ ಕೇಳಿ.