ಚಿಕ್ಕಮ್ಮನ ಜೊತೆ ನೋಡಿದ ಸಿನಿಮಾ

19 ಜುಲೈ 2025, ಶನಿವಾರ ರಾತ್ರಿ
ನಾಪೋಕ್ಲು, ಕೊಡಗು

ಬೆಳಿಗ್ಗೆಯಿಂದ ಬಿಡದೆ ಸುರೀತಾ ಇದೆ, ಕರೆಂಟ್ ಬಂದು ಬಂದು ಹೋಗ್ತಿದೆ, ಆ ಗ್ಯಾಪಲ್ಲೇ ಚಿಕ್ಕಮ್ಮನೂ ನಾನೂ ಒಂದು ಹಳೇ ಇಂಗ್ಲಿಷ್ ಸಿನಿಮಾ ನೋಡಿ ಮುಗಿಸಿದ್ವಿ. ಆಲ್ ದಟ್ ಹೆವನ್ ಅಲೋಸ್ ಅಂತ, 1955ರದ್ದು, ಡಗ್ಲಸ್ ಸರ್ಕ್ ತೆಗೆದಿದ್ದು. ಜೇನ್ ವೈಮನ್, ರಾಕ್ ಹಡ್ಸನ್. ನಿಜ ಜೀವನದಲ್ಲೂ ಆಕೆ ಅವನಿಗಿಂತ ಎಂಟು ವರ್ಷ ದೊಡ್ಡವಳು.

ಕಥೆ ಸಣ್ಣದು. ಕ್ಯಾರಿ ಅಂತ ಗಂಡ ಸತ್ತ ಹೆಂಗಸು, ಕಾಲೇಜಿಗೆ ಹೋಗೋ ಇಬ್ಬರು ಮಕ್ಕಳು, ಒಳ್ಳೇ ಮನೆ. ಅವಳ ಅಂಗಳದ ಮರದ ಕೊಂಬೆ ಸವರೋಕೆ ಬರೋ ರಾನ್ ಅವಳಿಗಿಂತ ಚಿಕ್ಕವನು, ಗಿಡ ಬೆಳೆಸಿ ಬದುಕೋನು, ಒಂದು ಹಳೇ ಗಿರಣಿಯನ್ನ ಅವಳಿಗೋಸ್ಕರ ಮನೆ ಮಾಡ್ತಾನೆ. ಊರು ಆಡಿಕೊಳ್ಳುತ್ತೆ, ಅದು ಬಿಡಿ, ಊರು ಯಾವಾಗ ಸುಮ್ನಿತ್ತು. ನನಗೆ ಸಂಕಟ ಆಗಿದ್ದು ಮಕ್ಕಳನ್ನ ನೋಡಿ. ಹಾರ್ವಿ ಅಂತ ಒಬ್ಬ ಇದಾನೆ, ಅವಳಿಗಿಂತ ಎಷ್ಟೋ ದೊಡ್ಡವನು, ಯಾವಾಗ ನೋಡಿದ್ರೂ ಆರೋಗ್ಯದ್ದೇ ಮಾತು, ಅವನನ್ನ ಅಮ್ಮ ಮದುವೆ ಆಗ್ಲಿ ಅನ್ನೋದಕ್ಕೆ ಮಕ್ಕಳಿಗೆ ಏನೂ ತೊಂದ್ರೆ ಇಲ್ಲ! ರಾನ್ ಅಂದ ಕೂಡ್ಲೇ ಮಗ ನೆಡ್‌ಗೆ ಅಪ್ಪನ ನೆನಪು, ಮನೆತನದ ಮರ್ಯಾದೆ ಎಲ್ಲ ಬಂದುಬಿಡುತ್ತೆ. ಅವಳು ಮಕ್ಕಳಿಗೋಸ್ಕರ ರಾನ್‌ನ ಬಿಡ್ತಾಳೆ. ಆಮೇಲೆ ಮಗಳಿಗೆ ಮದುವೆ ಗೊತ್ತಾಗುತ್ತೆ, ಮಗ ಹೊರದೇಶಕ್ಕೆ ಹೊರಡ್ತಾನೆ, ಮನೆ ಮಾರೋಣ ಅಂತಾನೆ. ಕ್ರಿಸ್ಮಸ್ಸಿಗೆ ಅಮ್ಮನಿಗೆ ಗಿಫ್ಟು ಅಂತ ಟಿವಿ ತಂದಿಡ್ತಾರೆ.

ಅಲ್ಲಿ ಕ್ಯಾಮೆರಾ ನಿಧಾನಕ್ಕೆ ಟಿವಿ ಹತ್ರ ಹೋಗುತ್ತೆ, ಇನ್ನೂ ಆನ್ ಆಗಿಲ್ಲ, ಆ ಗಾಜಲ್ಲಿ ಅವಳ ಮುಖ ಒಂದೇ ಕಾಣುತ್ತೆ. ಜೀವನವೆಲ್ಲ ಇದರೊಳಗೇ ಇದೆ ಅನ್ನೋ ಥರ ಮಾರೋಕೆ ಬಂದವನು ಹಿಂದಿಂದ ಮಾತಾಡ್ತಾನೇ ಇರ್ತಾನೆ.

ಚಿಕ್ಕಮ್ಮ ಹೇಳಿದ್ರು, ಸ್ವಲ್ಪ ಪಾಜ್ ಮಾಡು ಅಂತ.

ನಾನು ಟೀ ಬೇಕೇನೋ ಅಂದ್ಕೊಂಡೆ. ಅವರು ಗೋಡೆ ಕಡೆ ನೋಡ್ತಿದ್ರು. ಅಲ್ಲಿರೋದು ಚಿಕ್ಕಪ್ಪ ತೀರಿಕೊಂಡ ವರ್ಷ ಅಣ್ಣ, ಅಂದ್ರೆ ಚಿಕ್ಕಮ್ಮನ ಮಗ, ಬೆಂಗಳೂರಿಂದ ಕಳಿಸಿದ ಟಿವಿ, ಅರ್ಧ ಗೋಡೆ ಇದೆ. "ಒಬ್ಬಳೇ ಇರ್ತೀಯ, ಕಂಪನಿಗೆ ಆಗುತ್ತೆ" ಅಂದಿದ್ನಂತೆ. "ಪ್ರೀತಿಯಿಂದಲೇ ಕಳಿಸಿದ್ದು ಕಣೆ," ಅಂದ್ರು ಚಿಕ್ಕಮ್ಮ, "ಅದಕ್ಕೇ ಏನೂ ಹೇಳೋಕೆ ಆಗ್ಲಿಲ್ಲ. ಬೈದಿದ್ರೆ ತಿರುಗಿ ಬೈಬೋದಿತ್ತು."

ಈ ಮಾತು ನನ್ನನ್ನ ಬಿಡ್ತಾ ಇಲ್ಲ.

ಪುಟ್ಟಣ್ಣನವರ ಎಡಕಲ್ಲು ಗುಡ್ಡದ ಮೇಲೆ ಮೊದಲ ಸಲ ನೋಡಿದಾಗ್ಲೂ ಚಿಕ್ಕಮ್ಮ ಹೀಗೇ ಸುಮ್ಮನಾಗಿದ್ರಂತೆ. 1973ರ ಸಿನಿಮಾ, ನಮ್ಮ ಕೊಡಗಿನ ಭಾರತೀಸುತರ ಕಾದಂಬರಿ. ಅದ್ರಲ್ಲಿ ಮಾಧವಿ ಮದುವೆ ಆದವಳು, ನಂಜುಂಡ ಅವಳಿಗಿಂತ ಚಿಕ್ಕ ಹುಡುಗ, ಜಯಂತಿ ಅವರು ಕಣ್ಣಲ್ಲೇ ಎಲ್ಲ ಹೇಳ್ತಾರೆ. "ವಿರಹಾ ನೂರು ನೂರು ತರಹ" ಇವತ್ತಿಗೂ ಎಲ್ಲಾರ ಬಾಯಲ್ಲಿದೆ, ಹಾಡಿಗೆ ಮಾತ್ರ ಯಾರೂ ಮುಖ ಸಿಂಡರಿಸಲ್ಲ. ಅಂಥದ್ದೇ ಆಸೆ ಪಕ್ಕದ ಮನೆಯ ಹೆಂಗಸಿಗೆ ಇದ್ರೆ? ಇಲ್ಲಿ ಕೊಡವರಲ್ಲಿ ಗಂಡ ಸತ್ತವಳು ಮತ್ತೆ ಮದುವೆ ಆಗೋದಕ್ಕೆ ಹಿಂದಿನಿಂದಲೂ ಅಡ್ಡಿ ಇಲ್ಲ, ಅದನ್ನ ಹೆಮ್ಮೆಯಿಂದ ಹೇಳ್ಕೋತೀವಿ ಕೂಡ. ಆದ್ರೆ ಗಂಡು ಚಿಕ್ಕವನು ಅಂದ್ರೆ ಆ ಹೆಮ್ಮೆ ಎಲ್ಲಿ ಹೋಗುತ್ತೋ. ನಮ್ಮ ದೊಡ್ಡಪ್ಪನಿಗೂ ದೊಡ್ಡಮ್ಮನಿಗೂ ಹದಿನಾಲ್ಕು ವರ್ಷ ವ್ಯತ್ಯಾಸ, ಅದನ್ನ ಲೆಕ್ಕ ಹಾಕಿದವರೇ ಇಲ್ಲ.

ಸಂಜೆ ಮಳೆ ಸ್ವಲ್ಪ ಸಣ್ಣ ಆದಾಗ ಪಾರಾಣೆ ಕಡೆಯಿಂದ ಒಬ್ಬರು ಬಂದಿದ್ರು. ಚಿಕ್ಕಮ್ಮನ ಮೆಣಸಿನ ಬಳ್ಳಿಗೆ ಸೊರಗು ರೋಗ ಬಂದಿದೆಯಾ ನೋಡೋಕೆ. ಮಳೆ ಶುರು ಆಗೋ ಮುಂಚೆ ಬೋರ್ಡೋ ಮದ್ದು ಹೊಡೆಸಿದ್ದೂ ಅವರೇ ಅಂತೆ, ಬುಡದಲ್ಲಿ ನೀರು ನಿಲ್ಲದ ಹಾಗೆ ಕಾಲುವೆ ತೆಗೆಸಿದ್ದೂ ಅವರೇ. ನಲವತ್ತೈದು ಇರ್ಬೋದು. ಚಿಕ್ಕಮ್ಮ ಕಾಫಿ ಕೊಟ್ರು, ಬೆಲ್ಲ ಹಾಕಿ, ಕೇಳದೇನೇ. ಇಬ್ರೂ ಬಳ್ಳಿ ಬಿಟ್ಟು ಬೇರೆ ಮಾತಾಡ್ಲಿಲ್ಲ. ಆದ್ರೆ ಚಿಕ್ಕಮ್ಮ ನಗ್ತಾ ಇದ್ರು, ಚಿಕ್ಕಪ್ಪ ಹೋದ ಮೇಲೆ ನಾನು ಆ ನಗು ಕೇಳೇ ಇರ್ಲಿಲ್ಲ.

ನಾನು ಏನೂ ಕೇಳ್ಲಿಲ್ಲ, ಅವರೂ ಏನೂ ಹೇಳ್ಲಿಲ್ಲ. ಏನೂ ಇಲ್ದೇನೂ ಇರ್ಬೋದು. ಇದ್ರೆ ಚೆನ್ನಾಗಿತ್ತು ಅಂತ ನನಗೆ ಅನ್ನಿಸ್ತಿದೆ, ತುಂಬಾ ಅನ್ನಿಸ್ತಿದೆ, ಜೊತೆಗೇ ಹೆದರಿಕೆನೂ ಆಗ್ತಿದೆ, ಯಾಕಂದ್ರೆ ಈ ಊರಲ್ಲಿ ಒಂದು ಜೀಪು ಯಾರ ಗೇಟಲ್ಲಿ ಎಷ್ಟು ಹೊತ್ತು ನಿಂತಿತ್ತು ಅನ್ನೋದು ಸಂತೆ ಮುಗಿಯೋದ್ರೊಳಗೆ ಎಲ್ಲಾರಿಗೂ ಗೊತ್ತಿರುತ್ತೆ.

ಅಂದ ಹಾಗೆ ಸಿನಿಮಾ ಪೂರ್ತಿ ನೋಡಿದ್ವಿ. ಕೊನೇಲಿ ರಾನ್ ಬಿದ್ದು ಪೆಟ್ಟು ಮಾಡ್ಕೊಂಡ ಮೇಲೇನೇ ಅವಳು ಅವನ ಹತ್ರ ಬರೋದು. ಅದು ನನಗೆ ಇಷ್ಟ ಆಗ್ಲಿಲ್ಲ. ಅವನು ಗಟ್ಟಿಯಾಗಿ ಇದ್ದಾಗ್ಲೇ, ಅವಳಿಗೆ ಬೇಕು ಅನ್ನಿಸ್ತು ಅನ್ನೋ ಒಂದೇ ಕಾರಣಕ್ಕೆ ಬರ್ಬೇಕಿತ್ತು. ಸೇವೆ ಅಂದ್ರೆ ಮಾತ್ರ ನಾವು ಹೆಂಗಸರ ಪ್ರೀತಿಗೆ ಪರ್ಮಿಷನ್ ಕೊಡೋದಾ?

ನಾಳೆ ಭಾನುವಾರ, ಅಣ್ಣ ವಿಡಿಯೋ ಕಾಲ್ ಮಾಡ್ತಾನೆ. ಒಳ್ಳೆಯವನು, ಅಮ್ಮ ಅಂದ್ರೆ ಪ್ರಾಣ. ಅವನಿಗೆ ಈ ಸಿನಿಮಾ ನೋಡು ಅಂತ ಹೇಳ್ಬೇಕು ಅನ್ನಿಸ್ತಿದೆ, ಹೇಳಿದ್ರೆ ಯಾಕೆ ಅಂತ ಕೇಳೇ ಕೇಳ್ತಾನೆ, ಆಗ ಚಿಕ್ಕಮ್ಮ ಪಕ್ಕದಲ್ಲೇ ಕೂತಿರ್ತಾರೆ, ನಾನು…