ಇದನ್ನು ಎಲ್ಲಿ ನಿಲ್ಲಿಸುತ್ತೀರಿ?

ನಾನು ಕೊಂಡ ಮೊದಲ ಹಳೆಯ ಕಾರಿನ ಮಾಲೀಕರು ಫೋನಿನಲ್ಲಿ ಬೆಲೆಯ ಮಾತನ್ನೇ ಎತ್ತಲಿಲ್ಲ. "ಇದನ್ನು ಎಲ್ಲಿ ನಿಲ್ಲಿಸುತ್ತೀರಿ?" ಅಂತ ಕೇಳಿದರು. ಬಾಗಿಲಿರುವ ಗ್ಯಾರೇಜು ಬಾಡಿಗೆಗೆ ಹಿಡಿದಿದ್ದೇನೆ ಅಂದೆ. ಇಲ್ಲಿ ಇಟಲಿಯಲ್ಲಿ ಅದಕ್ಕೆ 'ಬಾಕ್ಸ್' ಅಂತಾರೆ. "ನೆಲ ಒಣಗಿರುತ್ತಾ? ಗೋಡೆಯಲ್ಲಿ ನೀರು ಜಿನುಗುತ್ತಾ?" ಅದು ಎರಡನೆಯ ಪ್ರಶ್ನೆ. ಒಣಗಿದೆ ಅಂದ ಮೇಲೆಯೇ, ಭಾನುವಾರ ಬೆಳಗ್ಗೆ ಬನ್ನಿ ಅಂದರು.

ನಾನಿರುವುದು ಟ್ಯೂರಿನ್‌ನಲ್ಲಿ. ಇಲ್ಲಿಯವರ ಬಾಯಲ್ಲಿ ಅದು ತೊರಿನೊ. ಫಿಯಾಟ್ ಹುಟ್ಟಿದ ಊರು, ಲಾಂಚಾ ಹುಟ್ಟಿದ ಊರು. ನಾನು ನೋಡಲು ಹೋದದ್ದು 1972ರ ಲಾಂಚಾ ಫುಲ್ವಿಯಾ ಕುಪೆ, ಎರಡು ಬಾಗಿಲಿನ ಕಾರು.

ಇಟಲಿಯ ಹಳೆಯ ಸ್ಪೋರ್ಟ್ಸ್ ಕಾರು ಅಂದರೆ ನಿಮ್ಮಲ್ಲಿ ಹೆಚ್ಚಿನವರಿಗೆ ಕೆಂಪು ಫೆರಾರಿಯೇ ನೆನಪಾಗುತ್ತದೆ, ಅಲ್ವಾ? ಆ ಲೋಕವೂ ಇದೆ. ಫೆರಾರಿ 250 ಜಿಟಿಒ ಅಂತ ಒಂದು ಕಾರು. 1962ರಿಂದ 64ರವರೆಗೆ ಮಾಡಿದ್ದು ಬರೀ 36. ಅದರಲ್ಲಿ ಒಂದು 2018ರಲ್ಲಿ ಕ್ಯಾಲಿಫೋರ್ನಿಯಾದ ಹರಾಜಿನಲ್ಲಿ 4.84 ಕೋಟಿ ಡಾಲರ್‌ಗೆ ಹೋಯಿತು. ಅಂಥ ಕಾರುಗಳಿಗೆ ಮರನೆಲ್ಲೊದಲ್ಲಿರುವ ಫೆರಾರಿಯವರೇ ಚಾಸಿ, ಎಂಜಿನ್, ಗೇರ್‌ಬಾಕ್ಸ್ ನಂಬರುಗಳನ್ನು ತಮ್ಮ ಹಳೆಯ ದಾಖಲೆಗಳೊಂದಿಗೆ ತಾಳೆ ನೋಡಿ ಪ್ರಮಾಣಪತ್ರ ಕೊಡುತ್ತಾರೆ. ಅದೆಲ್ಲ ನಮ್ಮಂಥವರಿಗೆ ದೂರದ ಬೆಟ್ಟ. ನಾನು ಹೇಳಹೊರಟಿರುವುದು ಸಂಬಳದಲ್ಲಿ ಬದುಕುವವರು ಉಳಿಸಿ ಕೂಡಿಟ್ಟು ಕೊಳ್ಳುವ ಕಾರುಗಳ ಬಗ್ಗೆ. ಆಲ್ಫಾ ರೋಮಿಯೋದ ಜಿಟಿ, ಡುಯೆಟ್ಟೊ, ಫಿಯಾಟ್ 124 ಸ್ಪೈಡರ್, ಮತ್ತೆ ನನ್ನ ಮನಸ್ಸು ಕದ್ದ ಈ ಫುಲ್ವಿಯಾ.

ಫುಲ್ವಿಯಾ ಕುಪೆ ಬಂದದ್ದು 1965ರಲ್ಲಿ, ನಿಂತದ್ದು 1976ರಲ್ಲಿ. ನಾನು ನೋಡಲು ಹೋದದ್ದರ ಎಂಜಿನ್ ಚಿಕ್ಕದು, 1298 ಸಿಸಿ. ಆದರೆ ಅದನ್ನು ಮಾಡಿದ ರೀತಿ ನೋಡಿ. ನಾಲ್ಕು ಸಿಲಿಂಡರುಗಳು 'ವಿ' ಆಕಾರದಲ್ಲಿವೆ. ನಡುವಿನ ಕೋನ ಸುಮಾರು 13 ಡಿಗ್ರಿ ಅಷ್ಟೇ, ಹಾಗಾಗಿ ಎರಡೂ ಸಾಲಿಗೆ ಮೇಲೆ ಮುಚ್ಚುವ ಸಿಲಿಂಡರ್ ಹೆಡ್ ಒಂದೇ ಸಾಕು. ಇಡೀ ಎಂಜಿನ್ನನ್ನು ಪಕ್ಕಕ್ಕೆ ವಾಲಿಸಿ ಕೂರಿಸಿದ್ದಾರೆ. ಅದಕ್ಕೇ ಮೂತಿ ಅಷ್ಟು ತಗ್ಗು. ಇದರ ಅಣ್ಣ, ಇನ್ನೂ ದೊಡ್ಡ ಎಂಜಿನ್ನಿನ ಫುಲ್ವಿಯಾ 1.6 ಎಚ್‌ಎಫ್ 1972ರ ಮಾಂಟೆ ಕಾರ್ಲೊ ರ‍್ಯಾಲಿಯನ್ನೇ ಗೆದ್ದಿತು, ಓಡಿಸಿದವರು ಸಾಂದ್ರೊ ಮುನಾರಿ. ಈ ಊರಿನ ವಯಸ್ಸಾದವರಿಗೆ ಆ ಗೆಲುವಿನ ಸುದ್ದಿ ತೆಗೆದರೆ ಈಗಲೂ ಮುಖ ಅರಳುತ್ತದೆ.

ಇದಕ್ಕೂ ಮೊದಲು ನಾನು ಒಂದು ಆಲ್ಫಾದಲ್ಲಿ ಮೋಸಹೋಗುವುದರಲ್ಲಿದ್ದೆ. ಬೆರ್ತೋನೆ ಕಂಪನಿಯಲ್ಲಿದ್ದಾಗ ಜಾರ್ಜೆತ್ತೊ ಜುಜಾರೊ ಇಪ್ಪತ್ತರ ಹರೆಯದಲ್ಲಿ ಗೆರೆ ಎಳೆದ ಜಿಟಿ ಅದು. ದೂರದಿಂದ ನೋಡಿದರೆ ಕಣ್ಣು ಕೀಳಲಾಗದು. ಮಾರುವವನು ಒಬ್ಬ ವ್ಯಾಪಾರಿ. ಹೊಸ ಪೇಂಟು, ಹೊಳೆಯುವ ಕ್ರೋಮ್. ನಾನು ಮುಂಗಡ ಕೊಡಲು ತಯಾರಾಗಿದ್ದೆ. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಜೇಬಿನಿಂದ ಒಂದು ಸಣ್ಣ ಅಯಸ್ಕಾಂತ ತೆಗೆದರು. ಬಾಗಿಲ ಕೆಳಗಿನ ಅಂಚಿಗೆ ಹಿಡಿದರೆ ಅದು ಕಚ್ಚಲೇ ಇಲ್ಲ, ಜಾರಿ ನೆಲಕ್ಕೆ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ. ಆಮೇಲೆ ಬಾನೆಟ್ ಎತ್ತಿಸಿದರು. ಕಾಗದದಲ್ಲಿ 1300 ಸಿಸಿ ಎಂಜಿನ್ ಅಂತಿದೆ, ಒಳಗಿದ್ದದ್ದು 2000. ಓಡಿಸಲು ಜಾಸ್ತಿ ಖುಷಿ ಕೊಡುತ್ತದೆ ನಿಜ. ಆದರೆ ಕಾಗದಕ್ಕೂ ಕಾರಿಗೂ ಹೊಂದಿಕೆ ಇಲ್ಲದಿದ್ದರೆ ನಾಳೆ ತಪಾಸಣೆಯಲ್ಲಿ, ಅಪಘಾತವಾದಾಗ, ಮಾರುವಾಗ, ಪ್ರತಿ ಸಲವೂ ಉತ್ತರ ಕೊಡಬೇಕಾದವನು ನಾನು. ಮುಂಗಡದ ದುಡ್ಡು ಜೇಬಲ್ಲೇ ಇಟ್ಟುಕೊಂಡು ವಾಪಸ್ ಬಂದೆವು. ಆ ಅಯಸ್ಕಾಂತವನ್ನು ಮೆಕ್ಯಾನಿಕ್ ನನಗೇ ಕೊಟ್ಟರು.

ಇಲ್ಲಿನ ಹವ್ಯಾಸಿಗಳು ಕಾರಿಗಿಂತ ಮೊದಲು ಕಾಗದ ನೋಡುತ್ತಾರೆ. ವಾಹನಗಳ ಮಾಲೀಕತ್ವದ ಸಾರ್ವಜನಿಕ ನೋಂದಣಿ ಒಂದಿದೆ, ಚಿಕ್ಕದಾಗಿ ಪಿಆರ್‌ಎ. ನಂಬರ್ ಕೊಟ್ಟು ಸಣ್ಣ ಶುಲ್ಕ ಕಟ್ಟಿದರೆ ಮೊದಲ ದಿನದಿಂದ ಕಾರು ಯಾರ ಯಾರ ಕೈಯಲ್ಲಿತ್ತು ಅನ್ನುವ ಪಟ್ಟಿ ಸಿಗುತ್ತದೆ. ಇನ್ನೊಂದು, ಕಪ್ಪು ನಂಬರ್ ಪ್ಲೇಟು. 'ತಾರ್ಗಾ ನೇರಾ' ಅನ್ನುವಾಗಲೇ ಇವರ ದನಿ ಮೆತ್ತಗಾಗುತ್ತದೆ. 1985ರ ತನಕ ಇಟಲಿಯ ಪ್ಲೇಟುಗಳು ಕಪ್ಪಗಿದ್ದವು, ಜೊತೆಗೆ ಜಿಲ್ಲೆಯ ಅಕ್ಷರ. ತೊರಿನೊಗೆ 'ಟಿಓ'. ಆಗೆಲ್ಲ ಕಾರು ಬೇರೆ ಜಿಲ್ಲೆಯವರ ಕೈಗೆ ಹೋದರೆ ಪ್ಲೇಟು ಬದಲಿಸಬೇಕಿತ್ತು. ಹಾಗಾಗಿ 1972ರ ಕಾರಿನ ಮೇಲೆ ಇವತ್ತಿಗೂ ಹುಟ್ಟಿದಾಗಿನ 'ಟಿಓ' ಪ್ಲೇಟಿದೆ ಅಂದರೆ, ಅದು ಎಷ್ಟೋ ದಶಕ ಇದೇ ಜಿಲ್ಲೆಯಲ್ಲಿ ಬಾಳಿದೆ ಎಂದೇ ಅರ್ಥ.

ಆ ಭಾನುವಾರ ನೋಡಿದ ಫುಲ್ವಿಯಾದ ಮೇಲೆ ಅಂಥದ್ದೇ ಪ್ಲೇಟಿತ್ತು. ಅದರ ಮಾಲೀಕರು ನಿವೃತ್ತ ಮೇಷ್ಟ್ರು. ಕಾರನ್ನು ಅವರ ತಂದೆ ಹೊಸದಾಗಿ ಕೊಂಡಿದ್ದರಂತೆ. ಎಂಜಿನ್ ಮೊದಲೇ ಶುರು ಮಾಡಿ ಬಿಸಿ ಮಾಡಿ ಇಟ್ಟಿರಲಿಲ್ಲ. ಬಾನೆಟ್ ಮುಟ್ಟಿ ನೋಡಿ ಅಂತ ಅವರೇ ಹೇಳಿದರು. ತಣ್ಣಗಿತ್ತು. ತಣ್ಣಗಿರುವಾಗ ಹೇಗೆ ಶುರುವಾಗುತ್ತದೆ ಅನ್ನುವುದರಲ್ಲೇ ಎಂಜಿನ್ನಿನ ಅರ್ಧ ಆರೋಗ್ಯ ತಿಳಿಯುತ್ತದೆ, ಅದನ್ನು ಮುಚ್ಚಿಡಲು ಅವರಿಗೆ ಇಷ್ಟವಿರಲಿಲ್ಲ. ಚೋಕ್ ಎಳೆದು ಎರಡನೆಯ ಸಲಕ್ಕೆ ಶುರುವಾಯಿತು. ಆಮೇಲೆ ಅವರೇ ಟಾರ್ಚ್ ಕೊಟ್ಟು, ಕೆಳಗೆ ಮಲಗಿ ಎಂಜಿನ್ ಹೊರುವ ಮುಂದಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್, ಕಾರಿನ ದೇಹಕ್ಕೆ ಸೇರುವ ಜಾಗ ನೋಡಿ ಅಂದರು. ಫುಲ್ವಿಯಾಗಳು ತುಕ್ಕು ಹಿಡಿದು ಸಾಯುವುದು ಅಲ್ಲೇ. ಎಡಗಡೆ ಹಿಂದೊಮ್ಮೆ ವೆಲ್ಡಿಂಗ್ ಆಗಿತ್ತು. "1994ರಲ್ಲಿ" ಅಂತ ಅವರು ಮೇಲಿನಿಂದಲೇ ಹೇಳಿದರು. ನಾನಿನ್ನೂ ಕೇಳಿರಲಿಲ್ಲ.

ಮೇಜಿನ ಮೇಲೆ ಒಂದು ನೋಟ್ ಪುಸ್ತಕವಿತ್ತು. ಮೊದಲ ಪುಟಗಳಲ್ಲಿ ತಂದೆಯ ಕೈಬರಹ, ಮುಂದೆ ಇವರದು. ಪ್ರತಿ ಆಯಿಲ್ ಬದಲಾವಣೆ, ಪ್ರತಿ ಟೈರು, ಕಿಲೋಮೀಟರ್ ಸಮೇತ. ನಾನು ಅದನ್ನು ಓದುತ್ತಿರುವಾಗ ಅವರು ನನ್ನನ್ನು ಓದುತ್ತಿದ್ದರು ಅನ್ನಿಸಿತು. ಏನು ಕೆಲಸ, ಇಟಲಿಯಲ್ಲಿ ಇನ್ನೆಷ್ಟು ವರ್ಷ ಇರುತ್ತೀರಿ, ಚಳಿಗಾಲದಲ್ಲಿ ಓಡಿಸುತ್ತೀರಾ? ಆಲ್ಪ್ಸ್ ಹತ್ತಿರದ ಊರು ನೋಡಿ, ಹಿಮ ಕರಗಲು ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪು ತಗಡನ್ನು ತಿನ್ನುತ್ತದೆ. ಓಡಿಸುವುದಿಲ್ಲ ಅಂದೆ. ಮಾತು ಕೊಟ್ಟ ಹಾಗೆಯೇ ಅಂದೆ.

13,500 ಯೂರೋಗೆ ಒಪ್ಪಿದರು. ನಾನು ಚೌಕಾಸಿ ಮಾಡಲಿಲ್ಲ, ಮಾಡಬೇಕು ಅಂತ ಅನ್ನಿಸಲೂ ಇಲ್ಲ. ಕೈ ಕುಲುಕಿದ ಮೇಲೆ ಅವರು ಹೇಳಿದ್ದು ಇಷ್ಟೇ: ಇನ್ನು ನಾವು 'ತು' ಅನ್ನೋಣ. ಇಟಾಲಿಯನ್ನಿನಲ್ಲಿ 'ಲೇಯಿ' ಅಂದರೆ ನೀವು, 'ತು' ಅಂದರೆ ನೀನು. ಹಿರಿಯರೇ ಬಾಯಿಬಿಟ್ಟು ಹೇಳುವ ತನಕ ಕಿರಿಯರು ದಾಟಬಾರದ ಗೆರೆ ಅದು. ಕನ್ನಡದ ನನ್ನ ನಾಲಿಗೆಗೆ ಆ ವಯಸ್ಸಿನವರನ್ನು 'ನೀನು' ಅನ್ನಲು ಆಗಲೇ ಇಲ್ಲ. ತಿಂಗಳುಗಟ್ಟಲೆ 'ಲೇಯಿ' ಅಂತಲೇ ಅಂದೆ. ಈಗಲೂ ಆಗಾಗ ಅದೇ ಬರುತ್ತದೆ.

ಸರಕಾರಿ ಕೆಲಸ ಬೇಗ ಮುಗಿಯಿತು. ವಾಹನದ ಕಾಗದ ಮಾಡುವ ಏಜೆನ್ಸಿಯಲ್ಲಿ ಇಬ್ಬರೂ ಸಹಿ ಹಾಕಿದೆವು. 30 ವರ್ಷ ದಾಟಿದ ಕಾರಿಗೆ ವರ್ಗಾವಣೆಯ ತೆರಿಗೆ ತುಂಬಾ ಕಡಿಮೆ. ವರ್ಷದ ರಸ್ತೆ ತೆರಿಗೆ ಮಾಫಿ, ರಸ್ತೆಗೆ ಇಳಿಸಿದ ವರ್ಷ ಮಾತ್ರ 30 ಯೂರೋ ಆಸುಪಾಸು ಕಟ್ಟಬೇಕು. ಹಳೆಯ ವಾಹನಗಳ ಕ್ಲಬ್ಬುಗಳ ಒಕ್ಕೂಟ ಎಎಸ್‌ಐ ಶುರುವಾದದ್ದು 1966ರಲ್ಲಿ, ಕಚೇರಿ ಇದೇ ಊರಿನಲ್ಲಿದೆ. ಐತಿಹಾಸಿಕ ಮೌಲ್ಯದ ಪ್ರಮಾಣಪತ್ರವೂ ಅವರಿಂದ ಸಿಕ್ಕಿತು.

ಐದು ವರ್ಷ ಓಡಿಸಿದೆ. ಸ್ಪೇರ್ ಪಾರ್ಟ್ಸ್ ಹುಡುಕಿಕೊಂಡು ಊರೂರಿನ 'ಮೋಸ್ತ್ರಾ ಸ್ಕಾಂಬಿಯೊ' ಸುತ್ತಿದೆ. ಅದು ಹಳೆಯ ಬಿಡಿಭಾಗಗಳ ಸಂತೆ. ಅಕ್ಟೋಬರ್ ಬಂದರೆ ದೊಡ್ಡ ಮೇಳ, ಮೊದಲು ಪಾದೊವಾದಲ್ಲಿ, 2023ರಿಂದ ಬೊಲೊನ್ಯಾದಲ್ಲಿ. ಒಂದು ಹಿಂಬದಿಯ ದೀಪದ ಗಾಜಿಗಾಗಿ ಇಡೀ ದಿನ ನಡೆದದ್ದಿದೆ. ಸಿಕ್ಕಿದಾಗ ಆದ ಸಂತೋಷ ಈಗ ನೆನೆದರೂ ಬೆಚ್ಚಗಿದೆ.

ಆಮೇಲೆ ಎರಡನೆಯ ಮಗು ಹುಟ್ಟಿತು. ಇದ್ದ ಒಂದೇ ಬಾಕ್ಸಿಗೆ ದೊಡ್ಡ ಕಾರು ಬೇಕಾಯಿತು. ಫುಲ್ವಿಯಾವನ್ನು ಮಾರಬೇಕು ಅಂತ ತೀರ್ಮಾನಿಸಿದಾಗ ಮೊದಲು ಫೋನ್ ಮಾಡಿದ್ದು ಮೇಷ್ಟ್ರಿಗೆ. ಬೈಯಬಹುದು ಅಂದುಕೊಂಡಿದ್ದೆ. "ಅವಸರ ಮಾಡಬೇಡ, ಏಪ್ರಿಲ್ ತನಕ ತಡಿ. ಉಪ್ಪಿನ ರಸ್ತೆಯಲ್ಲಿ ಅದನ್ನು ಯಾರಿಗೂ ಕಳಿಸಬೇಡ" ಅಂದರು.

ಒಬ್ಬ ವ್ಯಾಪಾರಿ ಕಾರನ್ನು ನೋಡದೆಯೇ ನಾನು ಹೇಳಿದ್ದಕ್ಕಿಂತ ಸಾವಿರ ಯೂರೋ ಜಾಸ್ತಿ ಕೊಡುತ್ತೇನೆ ಅಂದ. ವಿದೇಶಕ್ಕೆ ಕಳಿಸುವವನು. ಹಾಗೆ ಹೋದರೆ ನೋಂದಣಿ ರದ್ದಾಗುತ್ತದೆ, ಕಪ್ಪು ಪ್ಲೇಟು ಬಿಚ್ಚಿ ಕಚೇರಿಗೆ ಒಪ್ಪಿಸಬೇಕು. 75 ವರ್ಷ ದಾಟಿದ ವಾಹನವಾದರೆ ದೇಶ ಬಿಡಿಸಲು ಸಂಸ್ಕೃತಿ ಇಲಾಖೆಯ ಅಪ್ಪಣೆ ಬೇಕು. ಫುಲ್ವಿಯಾಗೆ ಅಷ್ಟು ವಯಸ್ಸಾಗಿಲ್ಲ. ತಡೆಯುವುದಿದ್ದರೆ ಮಾರುವವರೇ ತಡೆಯಬೇಕು. ಸಾವಿರ ಯೂರೋ ನಮ್ಮ ಮನೆಗೆ ಸಣ್ಣ ಮೊತ್ತವಲ್ಲ. ಹೆಂಡತಿಯನ್ನು ಕೇಳಿದೆ. ಆ ನೋಟ್ ಪುಸ್ತಕವನ್ನು ಅವನೇನು ಮಾಡುತ್ತಾನೆ ಅಂದಳು. ಅಲ್ಲಿಗೆ ಮುಗಿಯಿತು.

ಕೊನೆಗೆ ಬಂದವಳು ಇಪ್ಪತ್ತಾರರ ಹುಡುಗಿ, ನರ್ಸ್. ಬಂದವಳೇ ಟಾರ್ಚ್ ಹಿಡಿದು ಕಾರಿನ ಕೆಳಗೆ ನುಸುಳಿದಳು. ಎಡಗಡೆಯ ವೆಲ್ಡಿಂಗ್ ಅವಳಿಗೇ ಕಂಡಿತು. ನಾನು ಬೆಲೆಗಿಂತ ಮೊದಲು ಕೇಳಿದ ಪ್ರಶ್ನೆ ಯಾವುದು ಅಂತ ನಿಮಗೆ ಗೊತ್ತಿದೆ. ಅವಳ ಅಜ್ಜನ ಹಳ್ಳಿ ಮನೆಯಲ್ಲಿ ಹುಲ್ಲಿನ ಅಟ್ಟದ ಕೆಳಗೆ ಒಣ ಜಾಗವಿದೆಯಂತೆ. ಫೋಟೋ ತೋರಿಸಿದಳು, ಮಣ್ಣಿನ ನೆಲವಲ್ಲ, ಇಟ್ಟಿಗೆ ಹಾಸಿದೆ.

ಸಹಿ ಹಾಕುವ ದಿನ ಮೇಷ್ಟ್ರೂ ಏಜೆನ್ಸಿಗೆ ಬಂದರು, ಟೈ ಕಟ್ಟಿಕೊಂಡು. ನೋಟ್ ಪುಸ್ತಕವನ್ನು ನಾನು ಅವಳ ಕೈಗಿಟ್ಟೆ. ಅದರಲ್ಲೀಗ ನನ್ನ ಬರಹದ ಏಳು ಪುಟಗಳಿವೆ. ಮೇಷ್ಟ್ರು ಅವುಗಳನ್ನು ಒಂದೊಂದಾಗಿ ತಿರುವಿ, ಆಯಿಲ್ ಬದಲಿಸಿದ ತಾರೀಖುಗಳ ಮೇಲೆ ಬೆರಳಾಡಿಸಿ, ಅವಳ ಕಡೆಗೆ ತಳ್ಳಿದರು. ಕಳೆದ ವಾರ ಅವಳು ಫೋನ್ ಮಾಡಿದ್ದಳು. ಎರಡನೆಯ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ವಾಸನೆ ಬರುತ್ತಿದೆಯಂತೆ. ಗ್ಯಾಸ್ಕೆಟ್ ಇರಬಹುದು, ಆದರೂ ಮೇಷ್ಟ್ರನ್ನು ಕೇಳು ಅಂದೆ. ಅವರನ್ನು ಕೇಳಿದ ಮೇಲೆಯೇ ನಿಮಗೆ ಮಾಡಿದ್ದು ಅಂದಳು. ಅವರು ಈ ಭಾನುವಾರ ಬಸ್ಸಿನಲ್ಲಿ ಅವಳ ಅಜ್ಜನ ಮನೆಗೆ ಹೊರಟಿದ್ದಾರೆ. ನಾನೂ ಹೋಗುತ್ತಿದ್ದೇನೆ.