ಸೂತ್ರಕ್ಕೆ ಮುಂಚೆ ಎರಡು ಚಿತ್ರ

ನಾನು ತಾಲ್ಲೂಕು ಕೇಂದ್ರವೊಂದರ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತೇನೆ. ಮೊದಲ ಪಿಯುಸಿಯಲ್ಲಿ ಕೆಲಸ ಮತ್ತು ಶಕ್ತಿಯ ಪಾಠ ಶುರುವಾದಾಗ ಮಕ್ಕಳ ಮುಖದಲ್ಲಿ ಒಂಥರಾ ನೆಮ್ಮದಿ ಇರುತ್ತದೆ. 'ಒಂಬತ್ತನೇ ಕ್ಲಾಸಲ್ಲೇ ಓದಿದ್ದೀವಿ ಮೇಡಂ' ಅನ್ನುತ್ತಾರೆ. ನಿಜ. ಎತ್ತರದಿಂದ ಬರುವ ಪ್ರಚ್ಛನ್ನ ಶಕ್ತಿ ಅಂದರೆ ಎಂಜಿಎಚ್, ವೇಗದಿಂದ ಬರುವ ಚಲನ ಶಕ್ತಿ ಅಂದರೆ ಅರ್ಧ ಎಂವಿ ಸ್ಕ್ವೇರ್ (ಎಂ ದ್ರವ್ಯರಾಶಿ, ಜಿ ಗುರುತ್ವದ ವೇಗೋತ್ಕರ್ಷ, ಎಚ್ ಎತ್ತರ, ವಿ ವೇಗ). ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಆದರೆ ಲೆಕ್ಕ ಕೊಟ್ಟ ತಕ್ಷಣ ಪೆನ್ನು ನಿಂತುಬಿಡುತ್ತದೆ.

ಯಾಕೆ ನಿಲ್ಲುತ್ತದೆ ಅಂತ ಅವರ ನೋಟ್ಸ್ ನೋಡಿದರೆ ಗೊತ್ತಾಗುತ್ತದೆ. ಪ್ರಶ್ನೆಯಲ್ಲಿರುವ ಸಂಖ್ಯೆಗಳನ್ನೆಲ್ಲ ಒಂದು ಕಡೆ ಬರೆದುಕೊಂಡು, ಅವಕ್ಕೆ ಹೊಂದುವ ಸೂತ್ರ ಹುಡುಕುತ್ತಿರುತ್ತಾರೆ. ಶಕ್ತಿಯ ಲೆಕ್ಕ ಹಾಗೆ ಬಗ್ಗುವುದಿಲ್ಲ. ಅದು ಯಾವಾಗಲೂ ಎರಡು ಗಳಿಗೆಗಳ ಹೋಲಿಕೆ. ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು, ನಡುವೆ ಎಷ್ಟು ಸೋರಿತು, ಇಷ್ಟೇ.

ಹಾಗಾಗಿ ನನ್ನ ಕ್ಲಾಸಿನಲ್ಲಿ ಸೂತ್ರಕ್ಕೆ ಮುಂಚೆ ಎರಡು ಪುಟ್ಟ ಚಿತ್ರ ಬರೆಯಲೇಬೇಕು. ಎಡಗಡೆ 'ಮೊದಲು', ಬಲಗಡೆ 'ಆಮೇಲೆ'. ಎರಡರ ಕೆಳಗೂ ಎತ್ತರ ಎಷ್ಟು, ವೇಗ ಎಷ್ಟು ಅಂತ ಬರೆಯಬೇಕು. ಗೊತ್ತಿಲ್ಲದ ಜಾಗಕ್ಕೆ ಪ್ರಶ್ನೆ ಚಿಹ್ನೆ. ಎರಡರ ಮಧ್ಯೆ ಒಂದು ಬಾಣ. ಬಾಣದ ಮೇಲೆ ಒಂದೇ ಪ್ರಶ್ನೆ: ದಾರಿಯಲ್ಲಿ ಶಕ್ತಿಯನ್ನು ಯಾರಾದರೂ ತೆಗೆದುಕೊಂಡರಾ, ಕೊಟ್ಟರಾ?

ನಾನು ಪ್ರತಿ ವರ್ಷ ಕೊಡುವ ಒಂದು ಲೆಕ್ಕ ನೋಡಿ. 5 ಮೀಟರ್ ಉದ್ದದ ಇಳಿಜಾರು ಹಲಗೆ ಇದೆ. ಅದರ ಮೇಲ್ತುದಿ ನೆಲದಿಂದ 1.8 ಮೀಟರ್ ಎತ್ತರದಲ್ಲಿದೆ. ಒಂದು ಮರದ ದಿಮ್ಮಿ ಮೇಲಿಂದ ಸುಮ್ನೆ ಜಾರಿ ಬರುತ್ತದೆ. ಘರ್ಷಣೆ ಇಲ್ಲ ಅಂತ ಇಟ್ಟುಕೊಳ್ಳಿ. ಕೆಳಗೆ ಬಂದಾಗ ವೇಗ ಎಷ್ಟು?

ಮೊದಲ ಕೂಗು ಏಳುತ್ತದೆ: 'ಮೇಡಂ, ದ್ರವ್ಯರಾಶಿ ಕೊಟ್ಟಿಲ್ಲ!' ಆಗ ನಾನು ಬೇರೇನೂ ಹೇಳುವುದಿಲ್ಲ. ಎಂ ಅಂತ ಬರೆದುಕೊಂಡು ಮುಂದೆ ಹೋಗಿ ಅನ್ನುತ್ತೇನೆ. ಎಡಗಡೆ ಎಂಜಿಎಚ್, ಬಲಗಡೆ ಅರ್ಧ ಎಂವಿ ಸ್ಕ್ವೇರ್. ಎರಡೂ ಕಡೆ ಎಂ ಇದೆ, ಹೊಡೆದು ಹಾಕಬಹುದು. ಹಗುರ ದಿಮ್ಮಿಯೂ ಅಷ್ಟೇ, ಭಾರದ ದಿಮ್ಮಿಯೂ ಅಷ್ಟೇ. ಕೈಯಾರೆ ಎಂ ಹೊಡೆದು ಹಾಕಿದ ಹುಡುಗಿಗೆ ಆ ಮಾತು ಮತ್ತೆ ಮರೆಯುವುದಿಲ್ಲ.

ಇನ್ನು ಎಚ್ ಜಾಗಕ್ಕೆ ಏನು ಹಾಕುತ್ತಾರೆ? ಅರ್ಧ ಕ್ಲಾಸು 1.8 ಹಾಕುತ್ತದೆ, ಇನ್ನರ್ಧ 5 ಹಾಕುತ್ತದೆ. ಜಿ ಬೆಲೆ 10 ಅಂತ ಹಿಡಿದರೆ ಮೊದಲಿನವರಿಗೆ ಸೆಕೆಂಡಿಗೆ 6 ಮೀಟರ್ ಬರುತ್ತದೆ, ಎರಡನೆಯವರಿಗೆ ಸೆಕೆಂಡಿಗೆ 10 ಮೀಟರ್. ತಪ್ಪು ಉತ್ತರವೂ ಸರಿ ಉತ್ತರದಷ್ಟೇ ಚೊಕ್ಕವಾಗಿ ಬರಲಿ ಅಂತಲೇ ಈ ಸಂಖ್ಯೆಗಳನ್ನು ಆರಿಸಿದ್ದೇನೆ. ಉತ್ತರ ಪೂರ್ಣಾಂಕ ಬಂತು, ಹಾಗಾದರೆ ಸರಿ ಇರಬೇಕು ಅನ್ನುವ ನಂಬಿಕೆ ನಮ್ಮ ಮಕ್ಕಳಲ್ಲಿ ಬಹಳ ಗಟ್ಟಿ. ಅದು ಪರೀಕ್ಷೆಗಿಂತ ಮುಂಚೆ ಕ್ಲಾಸಿನಲ್ಲೇ ಮುರಿಯಬೇಕು. ಗುರುತ್ವ ಎಳೆಯುವುದು ನೇರ ಕೆಳಕ್ಕೆ. ಅದಕ್ಕೆ ಲೆಕ್ಕಕ್ಕೆ ಬರುವುದು ಎಷ್ಟು ಕೆಳಗೆ ಇಳಿಯಿತು ಅನ್ನುವುದು ಮಾತ್ರ. ಎಷ್ಟು ದೂರ ಜಾರಿತು ಅನ್ನುವುದು ಬೇಡ.

ಹಾಗಾದರೆ ಆ 5 ಮೀಟರ್ ಯಾಕೆ ಕೊಟ್ಟಿರಿ ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಆ ಪ್ರಶ್ನೆಗಾಗಿಯೇ ನಾನು ಕಾಯುತ್ತಿರುತ್ತೇನೆ. ಆಗ ಲೆಕ್ಕದ ಎರಡನೇ ಭಾಗ ಬರೆಸುತ್ತೇನೆ. ದಿಮ್ಮಿ 2 ಕೆಜಿ. ಕೆಳಗೆ ಬಂದಾಗ ಅದರ ವೇಗ ಸೆಕೆಂಡಿಗೆ 6 ಮೀಟರ್ ಇರಲಿಲ್ಲ, 4 ಇತ್ತು. ಏನಾಯಿತು?

ಎಡಗಡೆ ಚಿತ್ರದಲ್ಲಿ 36 ಜೂಲ್. ಬಲಗಡೆ 16 ಜೂಲ್. ನಡುವೆ 20 ಜೂಲ್ ಕಾಣೆ. ಬಾಣದ ಮೇಲಿನ ಪ್ರಶ್ನೆಗೆ ಈಗ ಉತ್ತರ ಬೇಕಾಯಿತು. ಹಲಗೆ ಮತ್ತು ದಿಮ್ಮಿ ಉಜ್ಜಿ ಬಿಸಿಯಾದವು, ಆ 20 ಜೂಲ್ ಅಲ್ಲಿಗೆ ಹೋಯಿತು. ಘರ್ಷಣೆ ಬಲ ಎಷ್ಟು ಅಂತ ತಿಳಿಯಲು 20ನ್ನು ದಾರಿಯ ಉದ್ದದಿಂದ ಭಾಗಿಸಬೇಕು. ಅಲ್ಲಿ ಬಂತು ನೋಡಿ 5 ಮೀಟರ್. ಉತ್ತರ 4 ನ್ಯೂಟನ್. ಘರ್ಷಣೆ ದಾರಿಯುದ್ದಕ್ಕೂ ಹಿಡಿದು ಎಳೆಯುತ್ತದೆ, ಅದಕ್ಕೆ ದಾರಿಯ ಉದ್ದ ಬೇಕು. ಗುರುತ್ವಕ್ಕೆ ಎತ್ತರ ಸಾಕು. ಒಂದೇ ಹಲಗೆಯಲ್ಲಿ ಎರಡು ಅಳತೆ, ಎರಡಕ್ಕೂ ಬೇರೆ ಬೇರೆ ಕೆಲಸ. ದ್ರವ್ಯರಾಶಿಯೂ ಅಷ್ಟೇ, ಮೊದಲ ಭಾಗದಲ್ಲಿ ಬೇಡವಾಗಿತ್ತು, ಈಗ ಬೇಕೇ ಬೇಕು. ಇಷ್ಟಕ್ಕೆ ಇಡೀ ಪೀರಿಯಡ್ ಹೋದರೂ ನನಗೆ ಬೇಜಾರಿಲ್ಲ. ಹತ್ತು ಲೆಕ್ಕ ಗಡಿಬಿಡಿಯಲ್ಲಿ ಮಾಡಿಸುವುದಕ್ಕಿಂತ ಈ ಒಂದು ಹಲಗೆ ಜಾಸ್ತಿ ಕಲಿಸುತ್ತದೆ.

ಎತ್ತರವನ್ನು ಎಲ್ಲಿಂದ ಅಳೆಯಬೇಕು ಅನ್ನುವುದು ಇನ್ನೊಂದು ತಕರಾರು. ಬಾವಿಯ ಲೆಕ್ಕ ಬಂದರೆ ಮುಗಿಯಿತು, ಮೈನಸ್ ಕಂಡು ಗಾಬರಿಯಾಗುತ್ತಾರೆ. ನಾನು ಕ್ಲಾಸನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಬಾವಿಕಟ್ಟೆಯನ್ನು ಸೊನ್ನೆ ಅಂತ ಹಿಡಿಯಲು ಹೇಳುತ್ತೇನೆ, ಇನ್ನೊಂದಕ್ಕೆ ನೀರಿನ ಮಟ್ಟವನ್ನು. ಎರಡೂ ಗುಂಪಿನ ಸಾಲುಗಳು ಬೇರೆ, ಉತ್ತರ ಒಂದೇ. ಸೊನ್ನೆ ಎಲ್ಲಿಟ್ಟರೂ ಸರಿ, ಲೆಕ್ಕದ ಮಧ್ಯದಲ್ಲಿ ಬದಲಾಯಿಸಬಾರದು ಅಷ್ಟೇ.

ನನಗೆ ತುಂಬಾ ಇಷ್ಟವಾದ ಲೆಕ್ಕ ಬೇರೆ ಇದೆ. 15 ಮೀಟರ್ ಎತ್ತರದ ಮಹಡಿಯ ಮೇಲೆ ನಿಂತು ಮೂರು ಕಲ್ಲು ಎಸೆಯುತ್ತೀರಿ. ಒಂದನ್ನು ನೇರ ಮೇಲಕ್ಕೆ, ಒಂದನ್ನು ಅಡ್ಡಕ್ಕೆ, ಒಂದನ್ನು ನೇರ ಕೆಳಕ್ಕೆ. ಮೂರಕ್ಕೂ ವೇಗ ಸೆಕೆಂಡಿಗೆ 10 ಮೀಟರ್. ಗಾಳಿಯ ತಡೆ ಬಿಡಿ. ನೆಲಕ್ಕೆ ಬೀಳುವಾಗ ಯಾವುದರ ವೇಗ ಜಾಸ್ತಿ?

ಕೈ ಎತ್ತಿ ಅಂದರೆ ಹೆಚ್ಚಿನವರು ಕೆಳಕ್ಕೆ ಎಸೆದ ಕಲ್ಲಿಗೆ ಕೈ ಎತ್ತುತ್ತಾರೆ. ಈಗ ಚಿತ್ರ ಬರೆಯಿರಿ ಅನ್ನುತ್ತೇನೆ. ಮೊದಲು: ಎತ್ತರ 15, ವೇಗ 10. ಆಮೇಲೆ: ಎತ್ತರ 0, ವೇಗ ಪ್ರಶ್ನೆ ಚಿಹ್ನೆ. ಮೂರು ಕಲ್ಲಿಗೂ ಅದೇ ಎರಡು ಚಿತ್ರ! ಕೊನೆಯ ವೇಗದ ವರ್ಗ: ಮೊದಲಿನ ವೇಗದ ವರ್ಗ 100, ಇಳಿದ ಎತ್ತರದಿಂದ ಬಂದ 2 × 10 × 15 ಅಂದರೆ 300, ಎರಡೂ ಸೇರಿ 400. ಮೂರೂ ಕಲ್ಲು ಸೆಕೆಂಡಿಗೆ 20 ಮೀಟರ್ ವೇಗದಲ್ಲೇ ನೆಲ ಮುಟ್ಟುತ್ತವೆ. ಕ್ಲಾಸು ಒಪ್ಪುವುದಿಲ್ಲ. ಒಪ್ಪಬಾರದು ಕೂಡ. ಹಳೆಯ ಪಾಠದ ಚಲನೆಯ ಸಮೀಕರಣ ಹಾಕಿ ನೀವೇ ನೋಡಿ ಅಂತ ಬಿಡುತ್ತೇನೆ. ಕೆಳಕ್ಕೆ ಎಸೆದದ್ದು 1 ಸೆಕೆಂಡಿನಲ್ಲಿ ಬೀಳುತ್ತದೆ, ಅಡ್ಡಕ್ಕೆ ಎಸೆದದ್ದು ಸುಮಾರು 1.7 ಸೆಕೆಂಡಿನಲ್ಲಿ, ಮೇಲಕ್ಕೆ ಎಸೆದದ್ದು 3 ಸೆಕೆಂಡಿನಲ್ಲಿ. ಸಮಯ ಬೇರೆ, ಅಡ್ಡಕ್ಕೆ ಎಸೆದದ್ದು ಬೀಳುವ ಜಾಗವೂ ಬೇರೆ, ವೇಗ ಮಾತ್ರ ಒಂದೇ. ಶಕ್ತಿಯ ಲೆಕ್ಕಕ್ಕೆ ಗಡಿಯಾರ ಗೊತ್ತಿಲ್ಲ, ದಿಕ್ಕೂ ಗೊತ್ತಿಲ್ಲ. ಪ್ರಶ್ನೆಯಲ್ಲಿ 'ಎಷ್ಟು ಹೊತ್ತು' ಅಂತ ಕಂಡರೆ ಶಕ್ತಿಯ ದಾರಿ ಒಂದೇ ಸಾಲದು ಅಂತ ಅವರಿಗೆ ಆಗ ಹೊಳೆಯುತ್ತದೆ.

ವೇಗದ ವರ್ಗ ಅನ್ನುವುದು ಬಾಯಿಗೆ ಬಂದಷ್ಟು ಸುಲಭವಾಗಿ ಮನಸ್ಸಿಗೆ ಇಳಿಯುವುದಿಲ್ಲ. 20 ಮೀಟರ್ ಮೇಲಿಂದ ಬಿಟ್ಟ ಕಲ್ಲು ನೆಲ ಮುಟ್ಟುವಾಗ ಸೆಕೆಂಡಿಗೆ 20 ಮೀಟರ್ ವೇಗದಲ್ಲಿರುತ್ತದೆ. ಅದರ ಅರ್ಧ ವೇಗ ಎಲ್ಲಿ ಬಂದಿರುತ್ತದೆ? ಅರ್ಧ ದಾರಿಯಲ್ಲಿ ಅನ್ನುತ್ತಾರೆ. ಅಲ್ಲ, 5 ಮೀಟರ್ ಬಿದ್ದಾಗಲೇ ಬಂದಿರುತ್ತದೆ. ಅರ್ಧ ವೇಗಕ್ಕೆ ಕಾಲು ಭಾಗ ಶಕ್ತಿ ಸಾಕು, ಕಾಲು ಭಾಗ ಶಕ್ತಿಗೆ ಕಾಲು ಭಾಗ ಎತ್ತರ ಸಾಕು. ಇದನ್ನೇ ಬೈಕಿಗೆ ಹಾಕಿದಾಗ ಹುಡುಗರು ಗಂಭೀರವಾಗುತ್ತಾರೆ. ಗಂಟೆಗೆ 40 ಕಿಲೋಮೀಟರ್ ಬದಲು 80ರಲ್ಲಿ ಹೋದರೆ, ಅದೇ ಬ್ರೇಕು ಅದೇ ಬಲದಲ್ಲಿ ಹಿಡಿದರೂ ನಿಲ್ಲಲು ನಾಲ್ಕು ಪಟ್ಟು ರಸ್ತೆ ಬೇಕು. ಈ ಮಾತನ್ನು ನಾನು ಯಾವ ವರ್ಷವೂ ಬಿಡುವುದಿಲ್ಲ. ಅವರಲ್ಲಿ ಎಷ್ಟೋ ಜನ ಇನ್ನೆರಡು ವರ್ಷದಲ್ಲಿ ಗಾಡಿ ಓಡಿಸುವವರು.

ಮಣ್ಣಿನ ಪ್ರಯೋಗವನ್ನೂ ಮಾಡಿಸಬಹುದು. 18ನೇ ಶತಮಾನದಲ್ಲಿ ಹಾಲೆಂಡಿನ ವಿಜ್ಞಾನಿ ಸ್‌ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆ ಜೇಡಿಮಣ್ಣಿಗೆ ಬೀಳಿಸಿ ಕುಳಿಗಳನ್ನು ಅಳೆದರು. ಕುಳಿ ಹೊಂದುವುದು ವೇಗಕ್ಕಲ್ಲ, ವೇಗದ ವರ್ಗಕ್ಕೆ ಅಂತ ಕಂಡರು. ಆ ಫಲಿತಾಂಶವನ್ನು ಫ್ರಾನ್ಸಿನ ವಿಜ್ಞಾನಿ ಎಮಿಲಿ ದು ಶಾತಲೆ ಎತ್ತಿ ಹಿಡಿದರು. ನಮ್ಮಲ್ಲಿ ಮಣ್ಣಿಗೇನು ಬರ, ಅಲ್ವಾ?

ಲ್ಯಾಬಿನಲ್ಲಿ ಒಂದು ಎಚ್ಚರ ಬೇಕು. ಗೋಲಿಯನ್ನು 20 ಸೆಂಟಿಮೀಟರ್ ಎತ್ತರದ ಇಳಿಜಾರಿನಿಂದ ಉರುಳಲು ಬಿಟ್ಟರೆ ಲೆಕ್ಕದ ಪ್ರಕಾರ ಸೆಕೆಂಡಿಗೆ 2 ಮೀಟರ್ ಬರಬೇಕು. ಅಳೆದರೆ 1.7ರ ಆಸುಪಾಸು ಬರುತ್ತದೆ. ಮಕ್ಕಳು 'ಘರ್ಷಣೆಯಲ್ಲಿ ಹೋಯಿತು' ಅಂತ ಬರೆದು ಮುಗಿಸುತ್ತಾರೆ. ಹೋಗಿಲ್ಲ, ಗೋಲಿಯಲ್ಲೇ ಇದೆ. ಗೋಲಿ ಮುಂದೆ ಸಾಗುವುದರ ಜೊತೆ ತನ್ನ ಸುತ್ತ ತಿರುಗುತ್ತಲೂ ಇರುತ್ತದೆ. ಜಾರದೆ ಉರುಳುವ ಗಟ್ಟಿ ಗೋಲಿಯ ಚಲನ ಶಕ್ತಿಯಲ್ಲಿ ಏಳರಲ್ಲಿ ಎರಡು ಪಾಲು ಆ ತಿರುಗುವಿಕೆಗೆ ಹೋಗುತ್ತದೆ. ತಿರುಗುವ ಚಲನೆಯ ಪಾಠ ಆಮೇಲೆ ಬರುತ್ತದೆ ನಿಜ. ಆದರೂ ಎರಡನೇ ಚಿತ್ರದಲ್ಲಿ ಗೋಲಿಯ ಸುತ್ತ ಒಂದು ತಿರುಗು ಬಾಣ ಹಾಕಿಸಿ, ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಬಿಡಿಸಿ, ಆ ಪುಟ ಮಡಿಚಿಡಲು ಹೇಳುತ್ತೇನೆ. ಆ ಪಾಠ ಬಂದ ದಿನ ಅದೇ ಪುಟದಿಂದ ಶುರು ಮಾಡುತ್ತೇವೆ.